ಆರು ಜಾಗದ ಸೇನೆ: ಡಿಸೈಪಲ್ಸ್ ಆಟದ ಲೆಕ್ಕ, ಮತ್ತು ‘ರೀಇನ್‌ಕಾರ್ನೇಶನ್’ ಏನನ್ನು ತಿದ್ದಲು ಹೊರಟಿತು

ಡಿಸೈಪಲ್ಸ್ ಎಂಬ ಕಂಪ್ಯೂಟರ್ ಸ್ಟ್ರಾಟಜಿ ಆಟವನ್ನು ಹೊಸದಾಗಿ ಹಿಡಿದವರು ಹೆಚ್ಚಾಗಿ ಒಂದೇ ರೀತಿ ಸೋಲುತ್ತಾರೆ. ಕೈಯಲ್ಲಿರುವ ಚಿನ್ನವನ್ನೆಲ್ಲ ಸುರಿದು ಸೈನಿಕರನ್ನು ಕೊಳ್ಳುತ್ತಾರೆ, ಎದುರಿಗೆ ಸಿಕ್ಕ ಎಲ್ಲದರ ಮೇಲೂ ಬೀಳುತ್ತಾರೆ, ಸತ್ತವರ ಜಾಗಕ್ಕೆ ಮತ್ತೆ ಹೊಸಬರನ್ನು ಕೊಳ್ಳುತ್ತಾರೆ. ಹತ್ತು ಹದಿನೈದು ಟರ್ನ್ (ಸರದಿ) ಕಳೆಯುವ ಹೊತ್ತಿಗೆ ಎದುರಾಳಿಯ ಕಡೆ ಬಲಿತ ನೈಟ್‌ಗಳು ನಿಂತಿರುತ್ತಾರೆ, ಇವರ ಕಡೆ ಮಾತ್ರ ನಿನ್ನೆ ಮೊನ್ನೆ ಸೇರಿದ ಹುಡುಗರು. ಬೇರೆ ಸ್ಟ್ರಾಟಜಿ ಆಟಗಳಲ್ಲಿ ಸೇನೆ ಎಂದರೆ ಸಂಖ್ಯೆ. ಡಿಸೈಪಲ್ಸ್‌ನಲ್ಲಿ ಸೇನೆ ಎಂದರೆ ಹೆಚ್ಚೆಂದರೆ ಆರು ಜನ, ಆ ಆರು ಜನರನ್ನು ಸಾಯದಂತೆ ಬೆಳೆಸುವುದೇ ಆಟ. ಕಟ್ಟಡ, ಮಂತ್ರ, ಭೂಮಿ, ಗಣಿ ಎಲ್ಲವೂ ಆ ಆರು ಜನರ ಸೇವೆಗೆ ಇರುವಂಥವು. ಇದೊಂದು ತಲೆಗೆ ಹತ್ತಿದರೆ ಮೂರನೇ ಭಾಗ ಯಾಕೆ ಎಡವಿತು, ಅದರ ಪರಿಷ್ಕೃತ ಆವೃತ್ತಿ ಯಾಕೆ ಬೇಕಾಯಿತು ಎಂಬುದೂ ತಾನಾಗಿ ತಿಳಿಯುತ್ತದೆ.

ಸರಣಿಯ ವಂಶಾವಳಿ ಹೀಗಿದೆ. ಮೊದಲ ಭಾಗ ‘ಸೇಕ್ರೆಡ್ ಲ್ಯಾಂಡ್ಸ್’ 1999ರಲ್ಲಿ ಬಂತು, ಕೆನಡಾದ ಸ್ಟ್ರಾಟಜಿ ಫಸ್ಟ್ ಸಂಸ್ಥೆಯಿಂದ. 2002ರಲ್ಲಿ ಬಂದ ‘ಡಾರ್ಕ್ ಪ್ರಾಫೆಸಿ’ ಎರಡನೇ ಭಾಗ. ಮರುವರ್ಷ ಅದಕ್ಕೆ ಸೇರಿದ ‘ರೈಸ್ ಆಫ್ ದಿ ಎಲ್ವ್ಸ್’ ಎಲ್ಫ್ ಎಂಬ ಐದನೇ ಜನಾಂಗವನ್ನು ತಂದಿತು. ಮೂರನೇ ಭಾಗದ ಹೊತ್ತಿಗೆ ಕೆಲಸ ರಷ್ಯಾದ ಅಕೆಲ್ಲಾ ಸಂಸ್ಥೆಯ ಕೈಗೆ ಹೋಗಿತ್ತು. ‘ರೆನೈಸಾನ್ಸ್’ ರಷ್ಯಾದಲ್ಲಿ 2009ರ ಕೊನೆಗೆ, ಉಳಿದ ಕಡೆ 2010ರಲ್ಲಿ ಬಿಡುಗಡೆಯಾಯಿತು. ಅದರ ಹಿಂದೆಯೇ ಶವಸೇನೆಯ ಕಥೆ ಹೇಳುವ ‘ರಿಸರೆಕ್ಷನ್’ ಬಂತು. ಈ ಎರಡನ್ನೂ ಒಟ್ಟು ಸೇರಿಸಿ, ಯುದ್ಧದ ನಿಯಮಗಳನ್ನು ಮತ್ತೆ ಬರೆದು ಹೊರತಂದದ್ದೇ ‘ರೀಇನ್‌ಕಾರ್ನೇಶನ್’. ಕಲಿಪ್ಸೊ ಸಂಸ್ಥೆ ಅದನ್ನು 2014ರಲ್ಲಿ ಸ್ಟೀಮ್ ಎಂಬ ಆನ್‌ಲೈನ್ ಆಟದಂಗಡಿಗೆ ತಂದಿತು.

ಯಾರ ಕಡೆಯೂ ಪೂರ್ತಿ ನ್ಯಾಯವಿಲ್ಲದ ಲೋಕ

ನೆವೆಂಡಾರ್ ಎಂಬ ಈ ಲೋಕವನ್ನು ಸೃಷ್ಟಿಸಿದವನು ಬೆತ್ರೆಜೆನ್, ದೇವರಾದ ಹೈಫಾದರ್‌ಗೆ ಅತ್ಯಂತ ಪ್ರಿಯನಾದ ದೇವದೂತ. ಹೊಟ್ಟೆಕಿಚ್ಚಿನ ಇತರ ದೇವದೂತರು ಲೋಕವನ್ನು ಕೆಡಿಸಿ ತಪ್ಪನ್ನು ಅವನ ತಲೆಗೆ ಕಟ್ಟಿದರು. ಅವನು ಭೂಮಿಯ ಒಡಲಲ್ಲಿ ಬಂದಿಯಾದ. ಆಟದ ರಾಕ್ಷಸ ಪಡೆ ಅವನದು. ಎಲ್ಫ್‌ಗಳ ದೇವರು ಗ್ಯಾಲಿಯನ್‌ನನ್ನು ಕುಬ್ಜರ ದೇವರು ವೋಟನ್ ಕೊಂದು, ಹೃದಯವನ್ನು ಕಿತ್ತು ಸೂರ್ಯನಿಗೆ ಎಸೆದ. ಅದನ್ನು ತರಲು ಹೋದ ಮಡದಿ ಸೊಲೊನಿಯೆಲ್ ಮೈಯೆಲ್ಲ ಸುಟ್ಟುಕೊಂಡು ಸಾವಿನ ದೇವತೆ ಮಾರ್ಟಿಸ್ ಆದಳು. ಎರಡನೇ ಭಾಗದಲ್ಲಿ ಅವಳು ಗಂಡನನ್ನು ಮತ್ತೆ ಬದುಕಿಸುತ್ತಾಳೆ, ಅವನು ಅವಳ ಅಸ್ಥಿಪಂಜರದ ರೂಪ ನೋಡಿ ಒಲ್ಲೆ ಎನ್ನುತ್ತಾನೆ. ಈ ಸರಣಿಯ ಕತ್ತಲು ಬರೀ ರಕ್ತ, ತಲೆಬುರುಡೆಯ ಚಿತ್ರಗಳಲ್ಲಿ ಇಲ್ಲ. ಪ್ರತಿ ಪಕ್ಷಕ್ಕೂ ಒಂದು ನಿಜವಾದ ದುಃಖ ಇದೆ, ಆ ದುಃಖವೇ ಅದನ್ನು ಕ್ರೂರ ಮಾಡಿದೆ.

ಈ ಭಿನ್ನತೆ ಆಟದ ನಿಯಮಕ್ಕೂ ಇಳಿದಿದೆ. ಹಳೇ ಮೈಸೂರು ಸೀಮೆಯ ದೇವಸ್ಥಾನದ ಜಗಲಿಗಳಲ್ಲಿ ಆಡುತ್ತಿದ್ದ ಆಡು-ಹುಲಿ ಆಟದಲ್ಲಿ ಹುಲಿಗೆ ಹಾರಿ ತಿನ್ನುವ ಬಲ, ಆಡಿಗೆ ಗುಂಪುಗಟ್ಟಿ ದಾರಿ ಕಟ್ಟುವ ಬಲ ಇರುವ ಹಾಗೆ, ಇಲ್ಲಿ ಎರಡು ಪಕ್ಷಗಳು ಒಂದೇ ದಾರಿಯಲ್ಲಿ ಗೆಲ್ಲುವುದಿಲ್ಲ. ಎಂಪೈರ್ ಎಂಬ ಮನುಷ್ಯರ ಸಾಮ್ರಾಜ್ಯಕ್ಕೆ ಗಾಯ ಮಾಯಿಸುವವರು ಇದ್ದಾರೆ. ಕುಬ್ಜರ ಮೌಂಟನ್ ಕ್ಲ್ಯಾನ್ಸ್‌ಗೆ ಗಟ್ಟಿ ಮೈ, ನಿಧಾನದ ಕೈ. ಅವರ ಆಲ್ಕೆಮಿಸ್ಟ್ ಬೇರೆಯವರಿಗೆ ಇನ್ನೊಂದು ಏಟಿನ ಅವಕಾಶ ಕೊಡುತ್ತಾನೆ. ಶವಸೇನೆಯ ಘೋಸ್ಟ್ ಎದುರಾಳಿಯನ್ನು ಮರಗಟ್ಟಿಸುತ್ತದೆ, ಅವರ ತೋಳಮನುಷ್ಯನಿಗೆ ಕತ್ತಿ ಬಾಣ ತಾಗುವುದೇ ಇಲ್ಲ. ರಾಕ್ಷಸರ ಮಾಟಗಾತಿ ಎದುರಿನ ವೀರನನ್ನು ಕೈಲಾಗದ ಪುಟ್ಟ ಪಿಶಾಚಿಯಾಗಿ ಬದಲಿಸುತ್ತಾಳೆ. ಒಂದು ಜನಾಂಗದಲ್ಲಿ ಕಲಿತ ತಂತ್ರವನ್ನು ಇನ್ನೊಂದಕ್ಕೆ ಹಾಗೇ ಹೊತ್ತುಕೊಂಡು ಹೋದರೆ ಕೆಲಸ ಕೆಡುತ್ತದೆ.

ಎರಡನೇ ಭಾಗದ ಯುದ್ಧ, ಹತ್ತಿರದಿಂದ

ಎರಡನೇ ಭಾಗದ ಯುದ್ಧದಲ್ಲಿ ಯಾರೂ ಓಡಾಡುವುದಿಲ್ಲ. ಮುಂದಿನ ಸಾಲಿನಲ್ಲಿ ಮೂರು ಜಾಗ, ಹಿಂದಿನ ಸಾಲಿನಲ್ಲಿ ಮೂರು ಜಾಗ. ಎದುರಾಳಿಗೂ ಅಷ್ಟೇ. ಕತ್ತಿ ಹಿಡಿದವನು ಎದುರಿನ ಮುಂದಿನ ಸಾಲನ್ನು ಮಾತ್ರ ಹೊಡೆಯಬಲ್ಲ, ಅದರಲ್ಲೂ ತನಗೆ ಹತ್ತಿರ ಇರುವವರನ್ನು. ಮಧ್ಯದಲ್ಲಿ ನಿಂತವನ ಕೈ ಮೂವರಿಗೂ ಎಟಕುತ್ತದೆ. ಅಂಚಿನಲ್ಲಿ ನಿಂತವನ ಕೈ ಆಚೆ ಅಂಚಿಗೆ ಎಟಕುವುದಿಲ್ಲ, ನಡುವಿನವರು ಬಿದ್ದ ಮೇಲೆ ಮಾತ್ರ. ಬಿಲ್ಲುಗಾರ ಯಾರನ್ನಾದರೂ ಒಬ್ಬನನ್ನು ಹೊಡೆಯುತ್ತಾನೆ. ಮಂತ್ರವಾದಿ ಆರೂ ಜನರನ್ನು ಒಟ್ಟಿಗೆ ಹೊಡೆಯುತ್ತಾನೆ. ದೈತ್ಯ, ಗ್ರಿಫಿನ್‌ಗಳಂಥ ದೊಡ್ಡ ಪ್ರಾಣಿಗಳು ಹಿಂದಿನ ಮುಂದಿನ ಎರಡೂ ಜಾಗ ಹಿಡಿಯುತ್ತವೆ.

ಇಷ್ಟೇ ನಿಯಮ. ಆದರೆ ಇದರೊಳಗಿನ ಲೆಕ್ಕ ಎಷ್ಟು ಬಿಗಿಯಾಗಿದೆ ಎಂಬುದು ಸಾಮ್ರಾಜ್ಯದ ಮೊದಲ ಹಂತದ ನಾಲ್ವರನ್ನು ಕೂಡಿ ಕಳೆದು ನೋಡಿದರೆ ಗೊತ್ತಾಗುತ್ತದೆ. ಸ್ಕ್ವೈರ್ ಎಂಬ ಕತ್ತಿಯವನ ಜೀವ 100, ಏಟು 25. ಬಿಲ್ಲುಗಾರನ ಜೀವ 45, ಏಟು 25. ಅಪ್ರೆಂಟಿಸ್ ಎಂಬ ಎಳೆಯ ಮಂತ್ರವಾದಿಯ ಜೀವ 35, ಏಟು 15, ಆದರೆ ಆರೂ ಜನರ ಮೇಲೆ. ಅಕೊಲೈಟ್ ಎಂಬ ಸನ್ಯಾಸಿನಿ ಒಂದು ಸುತ್ತಿಗೆ ಒಬ್ಬರಿಗೆ 20 ಜೀವ ತುಂಬುತ್ತಾಳೆ. ಹೊಡೆಯುವ ಮೂವರಿಗೂ ಗುರಿ ತಾಗುವ ಸಾಧ್ಯತೆ ನೂರಕ್ಕೆ 80.

ಈಗ ಗುಣಿಸಿ. 25ರ ಏಟು ನೂರಕ್ಕೆ 80 ಸಲ ತಾಗಿದರೆ ಸರಾಸರಿ 20. ಒಬ್ಬ ಸನ್ಯಾಸಿನಿ ತುಂಬುವುದೂ 20. ಅಂದರೆ ಎದುರಿನ ಒಬ್ಬ ಕತ್ತಿಯವನ ಕೆಲಸವನ್ನು ಒಬ್ಬ ಸನ್ಯಾಸಿನಿ ಬಹುಮಟ್ಟಿಗೆ ಅಳಿಸಿಹಾಕುತ್ತಾಳೆ. ಇಬ್ಬರು ಒಬ್ಬ ಸ್ಕ್ವೈರ್ ಮೇಲೆ ಬಿದ್ದರೆ ಅವನ ಜೀವ ಸುತ್ತಿಗೆ 20ರಂತೆ ಇಳಿದು ಸುಮಾರು ಐದು ಸುತ್ತು ಬಾಳುತ್ತದೆ. ಆ ಐದು ಸುತ್ತಿನೊಳಗೆ ಎದುರಿನ ಇಬ್ಬರಲ್ಲಿ ಒಬ್ಬನನ್ನು ಬೀಳಿಸಿದಿರೋ, ಲೆಕ್ಕ ಮತ್ತೆ ಸಮವಾಗುತ್ತದೆ. ಆದ್ದರಿಂದಲೇ ಅನುಭವಿಗಳು ಏಟನ್ನು ಹಂಚುವುದಿಲ್ಲ. ಮೂವರನ್ನು ಅರೆಜೀವ ಮಾಡಿದರೂ ಮೂವರೂ ತಿರುಗಿ ಹೊಡೆಯುತ್ತಾರೆ. ಒಬ್ಬನನ್ನು ಪೂರ್ತಿ ಬೀಳಿಸಿದರೆ ಮೂರರಲ್ಲೊಂದು ಪಾಲು ಏಟು ಅಲ್ಲಿಗೇ ನಿಂತಿತು.

ಮಂತ್ರವಾದಿಯ ಲೆಕ್ಕ ಇನ್ನೂ ಸ್ವಾರಸ್ಯದ್ದು. ಅವನ 15ರ ಏಟು ಸರಾಸರಿ 12. ಎದುರಿಗೆ ಆರು ಜನ ಇದ್ದರೆ ಒಟ್ಟು 72, ಬಿಲ್ಲುಗಾರನ 20ರ ಮೂರೂವರೆ ಪಟ್ಟು. ಎದುರಿಗೆ ಒಬ್ಬನೇ ಉಳಿದರೆ ಬರೀ 12. ಇಬ್ಬರು ಇರುವ ತನಕ ಮಂತ್ರವಾದಿ ಮೇಲು, ಒಬ್ಬನೇ ಆದರೆ ಬಿಲ್ಲುಗಾರ ಮೇಲು. ಹಾಗಾಗಿ ಒಂಟಿ ದೈತ್ಯ ಕಾಯುವ ನಿಧಿಯ ಮೇಲೆ ಮಂತ್ರವಾದಿಗಳನ್ನು ತುಂಬಿಕೊಂಡು ಹೋಗುವುದು ದಂಡ, ಗಾಬ್ಲಿನ್ ಗುಂಪಿನ ಮೇಲೆ ಬಿಲ್ಲುಗಾರರನ್ನೇ ನೆಚ್ಚುವುದೂ ದಂಡ. ಇದೇ ಲೆಕ್ಕ ತಿರುವಿ ನಮ್ಮ ಮೇಲೂ ಬರುತ್ತದೆ. ಎದುರಾಳಿಯ ಹಿಂದಿನ ಸಾಲಿನಲ್ಲಿ ಮಂತ್ರವಾದಿ ಕಂಡರೆ ಬಿಲ್ಲುಗಾರನ ಮೊದಲ ಬಾಣ ಅವನಿಗೇ ಹೋಗಬೇಕು. 35 ಜೀವದವನು ಎರಡು ಬಾಣಕ್ಕೆ ಉರುಳುತ್ತಾನೆ.

ಯಾರು ಮೊದಲು ಹೊಡೆಯುತ್ತಾರೆ ಎಂಬುದನ್ನು ಇನಿಷಿಯೇಟಿವ್ ಎಂಬ ಅಂಕಿ ತೀರ್ಮಾನಿಸುತ್ತದೆ. ಬಿಲ್ಲುಗಾರನಿಗೆ 60, ಸ್ಕ್ವೈರ್‌ಗೆ 50, ಅಪ್ರೆಂಟಿಸ್‌ಗೆ 40, ಸನ್ಯಾಸಿನಿಗೆ 10. ಅವಳ ಸರದಿ ಕೊನೆಗೆ ಬರುವುದು ದೋಷವಲ್ಲ, ಅನುಕೂಲ. ಆ ಸುತ್ತಿನಲ್ಲಿ ಯಾರಿಗೆ ಹೆಚ್ಚು ಪೆಟ್ಟು ಬಿತ್ತು ಎಂದು ನೋಡಿಕೊಂಡು ಅವಳು ಕೈಹಾಕಬಹುದು. ಸಮ ಅಂಕಿಯವರಲ್ಲಿ ಯಾರು ಮೊದಲು ಎಂಬುದರಲ್ಲಿ ಅದೃಷ್ಟದ ಪಾಲಿದೆ.

ರಕ್ಷಣೆಯ ಬಗೆಗಳನ್ನು ಹೊಸಬರು ಬೆರೆಸಿಬಿಡುತ್ತಾರೆ. ಆರ್ಮರ್ ಅಂಕಿ ಶೇಕಡಾವಾರು. 50 ಎಂದರೆ ಬಂದ ಏಟಿನಲ್ಲಿ ಅರ್ಧ ಕಡಿತ. ವಾರ್ಡ್ ಎಂದರೆ ಆ ಯುದ್ಧದಲ್ಲಿ ಆ ಬಗೆಯ ಮೊದಲ ಏಟನ್ನು ಮಾತ್ರ ತಡೆಯುವುದು. ಇಮ್ಯೂನಿಟಿ ಎಂದರೆ ಆ ಬಗೆಯದು ಎಂದೂ ತಾಗದು. ಏಟಿನ ಬಗೆಗಳೂ ಹಲವು: ಆಯುಧ, ಬೆಂಕಿ, ನೀರು, ಗಾಳಿ, ಭೂಮಿ, ಮನಸ್ಸು, ಜೀವ, ಸಾವು. ಯುದ್ಧಕ್ಕೆ ಇಳಿಯುವ ಮೊದಲು ಎದುರಿನ ಗುಂಪಿನ ಮೇಲೆ ಬಲ ಕ್ಲಿಕ್ ಮಾಡಿ ಇದನ್ನೆಲ್ಲ ಓದಿಕೊಳ್ಳಬಹುದು. ಓದದೆ ತೋಳಮನುಷ್ಯನ ಮುಂದೆ ಬರೀ ಕತ್ತಿಯವರನ್ನು ನಿಲ್ಲಿಸಿದವರು ಇಡೀ ತಂಡವನ್ನು ಕಳೆದುಕೊಂಡು ಬರುತ್ತಾರೆ.

ಅನುಭವ, ಕಟ್ಟಡ, ಮತ್ತು ಹಿಂದಕ್ಕೆ ಹೋಗಲಾಗದ ಕವಲು

ಗೆದ್ದಾಗ ಸಿಗುವ ಅನುಭವ, ಆಟಗಾರರ ಮಾತಿನಲ್ಲಿ ಎಕ್ಸ್‌ಪಿ, ಬದುಕಿ ಉಳಿದವರಿಗೆ ಸಮವಾಗಿ ಹಂಚಿಹೋಗುತ್ತದೆ. ಸತ್ತವನಿಗೆ ಪಾಲಿಲ್ಲ. ಅವನನ್ನು ದೇವಾಲಯದಲ್ಲಿ ಚಿನ್ನ ಕೊಟ್ಟು ಎಬ್ಬಿಸಬಹುದು, ಜೀವದ ಮದ್ದು ಕುಡಿಸಬಹುದು, ಆದರೆ ತಪ್ಪಿದ ಪಾಲು ತಪ್ಪಿದ್ದೇ. ಐದು ಜನ ಹೋದರೆ ಐದು ಪಾಲು, ಮೂರು ಜನ ಹೋದರೆ ಮೂರೇ. ಆದ್ದರಿಂದ ಸುಲಭದ ಶತ್ರುವಿನ ಮೇಲೆ ಚಿಕ್ಕ ತಂಡ ಕಟ್ಟಿಕೊಂಡು ಹೋದರೆ ಬೇಗ ಬಲಿಯುತ್ತಾರೆ.

ಅನುಭವ ತುಂಬಿದ ಮಾತ್ರಕ್ಕೆ ಯಾರೂ ಮೇಲಿನ ಹಂತಕ್ಕೆ ಏರುವುದಿಲ್ಲ. ರಾಜಧಾನಿಯಲ್ಲಿ ಆ ಹಂತದ ಕಟ್ಟಡ ಮೊದಲೇ ಎದ್ದಿರಬೇಕು. ಕಟ್ಟಡ ಇಲ್ಲದಿದ್ದರೆ ಅನುಭವದ ಪಟ್ಟಿ ತುಂಬುವ ಅಂಚಿನಲ್ಲೇ ನಿಂತುಬಿಡುತ್ತದೆ, ಮೇಲೆ ಬಂದದ್ದೆಲ್ಲ ಚರಂಡಿ ಪಾಲು. ಕಟ್ಟಡ ಎದ್ದ ಮೇಲೆ ಇನ್ನೊಂದು ಯುದ್ಧ ಗೆಲ್ಲಬೇಕು, ಆಗ ಏರುತ್ತಾರೆ. ಒಂದು ಯುದ್ಧಕ್ಕೆ ಒಂದೇ ಹಂತ. ರಾಜಧಾನಿಯಲ್ಲಿ ಒಂದು ಟರ್ನ್‌ಗೆ ಒಂದೇ ಕಟ್ಟಡ ಕಟ್ಟಬಹುದಾದ್ದರಿಂದ ಯಾರ ಪಟ್ಟಿ ಮೊದಲು ತುಂಬುತ್ತದೆ ಎಂದು ಎರಡು ಮೂರು ಟರ್ನ್ ಮುಂಚೆಯೇ ನೋಡಿ ಕಟ್ಟಡದ ಸರದಿ ಇಡಬೇಕು. ಇಡೀ ಆಟದಲ್ಲಿ ಅತಿ ಹೆಚ್ಚು ನಷ್ಟ ಆಗುವುದು ಈ ಒಂದು ಉದಾಸೀನದಿಂದ. ಸೋತ ಆಟವನ್ನು ಹಿಂದಕ್ಕೆ ತಿರುಗಿ ನೋಡಿದರೆ ಸೋಲು ಕೊನೆಯ ಯುದ್ಧದಲ್ಲಿ ಇರುವುದಿಲ್ಲ, ಕಟ್ಟದೆ ಬಿಟ್ಟ ಕಟ್ಟಡದಲ್ಲಿ ಇರುತ್ತದೆ.

ಕಟ್ಟಡಗಳಲ್ಲಿ ಕವಲುಗಳಿವೆ. ಸ್ಕ್ವೈರ್ ಒಂದೋ ನೈಟ್ ಆಗುತ್ತಾನೆ, ಇಲ್ಲವೇ ವಿಚ್ ಹಂಟರ್. ಸನ್ಯಾಸಿನಿಯ ಮುಂದೆ ಎರಡು ದಾರಿ: ಪ್ರೀಸ್ಟ್ ಆದರೆ ಒಬ್ಬರಿಗೇ ಹೆಚ್ಚು ಜೀವ ತುಂಬುವ, ಮುಂದೆ ಸತ್ತವರನ್ನು ಎಬ್ಬಿಸುವ ದಾರಿ, ಕ್ಲೆರಿಕ್ ಆದರೆ ಎಲ್ಲರಿಗೂ ಒಟ್ಟಿಗೆ ಸ್ವಲ್ಪ ಸ್ವಲ್ಪ ತುಂಬುವ ದಾರಿ. ಒಂದನ್ನು ಕಟ್ಟಿದರೆ ಇನ್ನೊಂದರ ಬಾಗಿಲು ಆ ನಕ್ಷೆಯಲ್ಲಿ ಶಾಶ್ವತವಾಗಿ ಮುಚ್ಚಿತು, ಅದೂ ನಮ್ಮ ಎಲ್ಲ ತಂಡಗಳಿಗೂ. ಯಾವುದು ಉತ್ತಮ ಎಂದು ಕೇಳುವುದಕ್ಕಿಂತ ಎದುರಿಗೆ ಯಾರಿದ್ದಾರೆ ಎಂದು ಕೇಳುವುದು ಸರಿ. ಗುಂಪಿಗೆ ಗುಂಪನ್ನೇ ಹೊಡೆಯುವ ಮಂತ್ರವಾದಿಗಳು ಹೆಚ್ಚಿರುವ ಪಕ್ಷದೆದುರು ಕ್ಲೆರಿಕ್ ಬೇಕು. ಭಾರಿ ಏಟಿನ ಒಂಟಿ ದೈತ್ಯರ ಎದುರು ಪ್ರೀಸ್ಟ್ ಬೇಕು. ಶವಸೇನೆಯ ಘೋಸ್ಟ್‌ಗಳು ಮನಸ್ಸಿನ ಮೇಲೆ ದಾಳಿ ಮಾಡುವುದರಿಂದ ಅವರ ಎದುರು ವಿಚ್ ಹಂಟರ್ ದಾರಿಗೆ ಬೆಲೆ ಹೆಚ್ಚು. ಕಥೆಯ ಮಿಷನ್‌ಗಳ ಸರಣಿಯಾದ ಕ್ಯಾಂಪೇನ್‌ನಲ್ಲಿ ಎದುರಾಳಿ ಯಾರೆಂದು ಮೊದಲೇ ಹೇಳುತ್ತಾರೆ, ಆ ಮಾತನ್ನು ಹಾರಿಸಿಬಿಡಬೇಡಿ.

ಯುದ್ಧ ಮುಗಿಯುವ ಹಂತದಲ್ಲಿ ಒಂದು ಉಪಯುಕ್ತ ಅಭ್ಯಾಸ: ಎದುರಿಗೆ ಕೈಲಾಗದ ಒಬ್ಬನೇ ಉಳಿದಾಗ ಅವನನ್ನು ಕೂಡಲೇ ಮುಗಿಸಬೇಡಿ. ಉಳಿದವರೆಲ್ಲ ರಕ್ಷಣೆಯ ಭಂಗಿಗೆ ಹೋಗಲಿ, ಸನ್ಯಾಸಿನಿ ನಾಲ್ಕೈದು ಸುತ್ತು ಎಲ್ಲರ ಗಾಯ ಮಾಯಿಸಲಿ, ಆಮೇಲೆ ಮುಗಿಸಿ. ಪಟ್ಟಣಕ್ಕೆ ಹಿಂದಿರುಗಿ ಮೂರು ಟರ್ನ್ ಮಲಗುವುದು ತಪ್ಪುತ್ತದೆ.

ಭೂಮಿಯ ಮಾತು ಸಂಕ್ಷಿಪ್ತವಾಗಿ. ರಾಜಧಾನಿಯಿಂದ, ಹಿಡಿದ ಪಟ್ಟಣಗಳಿಂದ ನಮ್ಮ ಬಣ್ಣ ಪ್ರತಿ ಟರ್ನ್ ಹರಡುತ್ತದೆ: ಸಾಮ್ರಾಜ್ಯದ್ದು ಹಸಿರು, ರಾಕ್ಷಸರದ್ದು ಕುದಿವ ಲಾವಾ, ಕುಬ್ಜರದ್ದು ಹಿಮ. ಆ ಬಣ್ಣದೊಳಗೆ ಬಂದ ಗಣಿಯೂ ಮಂತ್ರಶಕ್ತಿಯ ಚಿಲುಮೆಯೂ ನಮ್ಮವು. ದೂರದ ಗಣಿಗೆ, ಅದನ್ನು ನಮ್ಮದಾಗಿಸುವ ರಾಡ್ ಎಂಬ ಕೋಲು ನೆಡುವವನನ್ನು ಕಳಿಸಬೇಕು. ಅವನು ಒಂಟಿಯಾಗಿ ಹೋಗುವ ದುರ್ಬಲ ಜೀವ. ದಾರಿ ಬರಿದಾಗಿದೆ ಎಂದು ಖಾತ್ರಿಯಾದ ಮೇಲೆಯೇ ಕಳಿಸಿ. ಮಂತ್ರಗಳನ್ನು ಹೆಚ್ಚಿನವರು ಮರೆತೇಬಿಡುತ್ತಾರೆ. ಯುದ್ಧಕ್ಕೆ ಮೊದಲು ನಕ್ಷೆಯ ಮೇಲೇ ಎದುರಾಳಿ ತಂಡಕ್ಕೆ ಒಂದೆರಡು ಮಂತ್ರ ಬಿಟ್ಟು ಎಲ್ಲರ ಜೀವ ಇಳಿಸಿ, ಆಮೇಲೆ ಕತ್ತಿ ಹಿಡಿದು ಹೋದರೆ ಸೋಲಬೇಕಾದ ಯುದ್ಧವೂ ಗೆಲುವಾಗುತ್ತದೆ. ಆರಂಭದಲ್ಲಿ ಮಾಂತ್ರಿಕ ಪ್ರಭುವನ್ನು ಆರಿಸಿಕೊಂಡವರು ಒಂದೇ ಮಂತ್ರವನ್ನು ಒಂದು ಟರ್ನ್‌ಗೆ ಎರಡು ಸಲ ಬಿಡಬಹುದು. ಯೋಧ ಪ್ರಭುವಿನ ಪಡೆಗಳ ಗಾಯ ಬೇಗ ಮಾಯುತ್ತದೆ. ಹೊಸಬರಿಗೆ ಯೋಧನೇ ಸಲೀಸು.

ಮತ್ತೊಂದು ಎಚ್ಚರಿಕೆ. ಶತ್ರುವಿನ ರಾಜಧಾನಿಯಲ್ಲಿ ಆ ಜನಾಂಗದ ಕಾವಲುದೈವ ನಿಂತಿರುತ್ತದೆ. ಸಾಮ್ರಾಜ್ಯಕ್ಕೆ ಮಿಜ್ರಾಯೆಲ್, ಕುಬ್ಜರಿಗೆ ವಿಥಾರ್, ಹೀಗೆ. ಅದು ಇಡೀ ತಂಡವನ್ನು ನೆಲಕಚ್ಚಿಸುವಷ್ಟು ಬಲವುಳ್ಳದ್ದು. ರಾಜಧಾನಿಯ ಬಾಗಿಲು ತೆರೆದು ಕಂಡಿತೆಂದು ನುಗ್ಗಬೇಡಿ. ಸುತ್ತಲ ಪಟ್ಟಣಗಳನ್ನು ಹಿಡಿದು ಆದಾಯ ಕತ್ತರಿಸುವುದೇ ದಾರಿ.

ಮೂರನೇ ಭಾಗ: ಹಿಂದಿನ ಸಾಲು ಮಾಯವಾದಾಗ

‘ರೆನೈಸಾನ್ಸ್’ ಹೊರಗಿನಿಂದ ಬಹಳ ಚೆಲುವಾಗಿತ್ತು. ನಕ್ಷೆ ಪೂರ್ತಿ ತ್ರೀಡಿ. ನಾಯಕನಿಗೆ ತೊಡಿಸಿದ ಕವಚ, ಕತ್ತಿ ಅವನ ಮೈಮೇಲೆಯೇ ಕಾಣುತ್ತಿತ್ತು. ಕಥೆಯೂ ಗಟ್ಟಿಯಾಗಿಯೇ ಶುರುವಾಗುತ್ತದೆ. ಆಕಾಶದಿಂದ ಬೀಳುವ ದೇವದೂತೆ ಇನೋಯೆಲ್ ಸುತ್ತ ಮೂರು ಜನಾಂಗಗಳ ಕ್ಯಾಂಪೇನ್ ಹೆಣೆದಿದ್ದಾರೆ. ಕುಬ್ಜರು ಮಾತ್ರ ಆಡಲು ಸಿಗುವುದಿಲ್ಲ, ಮೂರನೇ ಭಾಗದ ಯಾವ ಆವೃತ್ತಿಯಲ್ಲೂ. ಹಳೆಯ ಅಭಿಮಾನಿಗಳಿಗೆ ಈ ನೋವು ಇನ್ನೂ ಆರಿಲ್ಲ.

ದೊಡ್ಡ ಬದಲಾವಣೆ ಯುದ್ಧದಲ್ಲಿ. ನಿಂತಲ್ಲೇ ನಿಲ್ಲುವ ಆರು ಜಾಗಗಳನ್ನು ಬಿಟ್ಟು ಷಟ್ಕೋನದ ಮನೆಗಳಿರುವ ಅಂಗಳವನ್ನು ತಂದರು. ಎಲ್ಲರೂ ನಡೆದಾಡಬಲ್ಲರು. ಕೇಳಲು ಇದು ಮುಂದುವರಿದ ಹೆಜ್ಜೆ. ಆದರೆ ಹಳೆಯ ಲೆಕ್ಕವೆಲ್ಲ ನಿಂತಿದ್ದದ್ದು ಒಂದೇ ಕಂಬದ ಮೇಲೆ: ಮುಂದಿನ ಸಾಲು ಇರುವ ತನಕ ಹಿಂದಿನವರಿಗೆ ಕತ್ತಿ ತಾಗದು ಎಂಬ ನಿಯಮದ ಮೇಲೆ. 35 ಜೀವದ ಮಂತ್ರವಾದಿ, 10 ಇನಿಷಿಯೇಟಿವ್‌ನ ಸನ್ಯಾಸಿನಿ ಬಾಳುತ್ತಿದ್ದದ್ದು ಆ ನಿಯಮದಿಂದಲೇ. ನಡೆಯಲು ಬಿಟ್ಟ ಕೂಡಲೇ ವೇಗದ ರಾಕ್ಷಸನೊಬ್ಬ ಪಕ್ಕದಿಂದ ಸುತ್ತಿ ಬಂದು ಸನ್ಯಾಸಿನಿಯ ಮೇಲೆ ಬೀಳಬಹುದು. ಅವಳನ್ನು ಕಾಯುವ ಕೆಲಸ ಈಗ ನಿಯಮದ್ದಲ್ಲ, ಆಟಗಾರನದು.

ಅದಕ್ಕೆ ತಕ್ಕ ತಂತ್ರ ಇಲ್ಲದಿಲ್ಲ. ದುರ್ಬಲರನ್ನು ಅಂಗಳದ ಮೂಲೆಗೆ ಒತ್ತಿ ನಿಲ್ಲಿಸಬೇಕು. ಷಟ್ಕೋನದ ಮನೆಗೆ ಆರು ಮಗ್ಗುಲು. ಮೂಲೆಯಲ್ಲಿ ನಿಂತವನಿಗೆ ಅಂಗಳದ ಅಂಚೇ ಹಲವು ಮಗ್ಗುಲುಗಳನ್ನು ಮುಚ್ಚುತ್ತದೆ, ಉಳಿದವನ್ನು ಇಬ್ಬರು ಮೂವರು ಕತ್ತಿಯವರಿಂದ ಮುಚ್ಚಬಹುದು. ಮೊದಲ ಸುತ್ತಿನಲ್ಲಿ ಮುನ್ನುಗ್ಗಬೇಡಿ. ಎದುರಾಳಿ ನಡೆದು ಬರಲಿ, ಬರುವಷ್ಟರಲ್ಲಿ ಬಿಲ್ಲುಗಾರರಿಗೆ ಒಂದು ಸುತ್ತು ಪುಕ್ಕಟೆ ಸಿಗುತ್ತದೆ. ಅಂಗಳದಲ್ಲಿ ಕೆಲವು ಮನೆಗಳು ಹೊಳೆಯುತ್ತಿರುತ್ತವೆ, ಅಲ್ಲಿ ನಿಂತು ಹೊಡೆದರೆ ಏಟಿನ ಬಲ ಹೆಚ್ಚು. ಕೆಲವು ಕತ್ತಿಯವರಿಗೆ, ಕೆಲವು ಬಿಲ್ಲಿಗೆ, ಕೆಲವು ಮಂತ್ರಕ್ಕೆ. ಅದರ ಆಸೆಗೆ ಬಿಲ್ಲುಗಾರನನ್ನು ಗೋಡೆಯಿಂದ ಹೊರಗೆ ಕಳಿಸಿ ಕಳೆದುಕೊಂಡವರೇ ಹೆಚ್ಚು. ನಿಮ್ಮ ಗೋಡೆಯೊಳಗೆ ಇದ್ದರೆ ಬಳಸಿ, ಇಲ್ಲದಿದ್ದರೆ ಮರೆತುಬಿಡಿ.

ಇದರ ಜೊತೆ ಸಮಯದ ತೊಂದರೆ. ಎರಡನೇ ಭಾಗದ ಯುದ್ಧ ಒಂದೆರಡು ನಿಮಿಷದಲ್ಲಿ ಮುಗಿಯುತ್ತಿತ್ತು. ಅಂಗಳದ ಯುದ್ಧದಲ್ಲಿ ನಡೆಯುವುದಕ್ಕೇ ಅಷ್ಟು ಹೊತ್ತು ಬೇಕು. ನಕ್ಷೆಯ ಪ್ರತಿ ತಿರುವಿನಲ್ಲಿ ಕಾವಲು ಗುಂಪು ಇರುವ ಆಟಕ್ಕೆ ಇದು ಭಾರವಾಯಿತು. ಯಂತ್ರದ ಎದುರಾಳಿಯ ಬುದ್ಧಿ ಮಂದ, ದೋಷಗಳು ಹಲವು. ವಿಮರ್ಶೆಗಳು ಮಿಶ್ರವಾಗಿಯೇ ಬಂದವು. ರಾಡ್ ನೆಡುವವನನ್ನೂ ತೆಗೆದುಹಾಕಿ ಭೂಮಿಯ ಆಯಕಟ್ಟಿನ ಜಾಗಗಳಿಗೆ ಕಾವಲುಗಾರರನ್ನು ಇಟ್ಟರು. ಹಿಡಿಯಬೇಕಾದರೆ ಕಾವಲುಗಾರನನ್ನು ಸೋಲಿಸಬೇಕು. ನಮ್ಮ ಅಭಿಪ್ರಾಯದಲ್ಲಿ ಇದು ಮೂರನೇ ಭಾಗದ ಒಳ್ಳೆಯ ಬದಲಾವಣೆ. ಬೆನ್ನ ಹಿಂದೆ ನುಸುಳಿ ಗಣಿಗಳನ್ನೆಲ್ಲ ಕಸಿಯುವ ಕಿರುಕುಳ ತಪ್ಪಿತು.

‘ರೀಇನ್‌ಕಾರ್ನೇಶನ್’ ತಿದ್ದಿದ್ದು, ತಿದ್ದದೇ ಬಿಟ್ಟದ್ದು

ಪರಿಷ್ಕೃತ ಆವೃತ್ತಿ ಷಟ್ಕೋನದ ಅಂಗಳವನ್ನು ಬಿಡಲಿಲ್ಲ, ಅದರೊಳಗಿನ ನಿಯಮಗಳನ್ನು ಮತ್ತೆ ಕಟ್ಟಿತು. ನಾಯಕರಿಗೆ ಹೊಸ ವರ್ಗ ಪದ್ಧತಿ ಬಂತು. ಪಡೆಗಳಿಗೆ ಬರೀ ಹೊಡೆಯುವುದರ ಜೊತೆಗೆ ತಮ್ಮದೇ ವಿಶೇಷ ಸಾಮರ್ಥ್ಯಗಳು ಸಿಕ್ಕವು. ಎಂಜಿನ್ ಪರಿಷ್ಕರಣೆಯಾಯಿತು. ಸಾಮ್ರಾಜ್ಯ, ರಾಕ್ಷಸರು, ಎಲ್ಫ್‌ಗಳು, ಶವಸೇನೆ, ಈ ನಾಲ್ಕೂ ಜನಾಂಗಗಳ ನಾಲ್ಕು ಕ್ಯಾಂಪೇನ್ ಒಂದೇ ಕಡೆ ಸೇರಿದವು. ಮೊದಲು ಎರಡು ಬೇರೆ ಆಟ ಕೊಳ್ಳಬೇಕಿತ್ತು.

ಇದರಲ್ಲಿ ನಿಜವಾಗಿ ತೂಕವಿರುವುದು ಪಡೆಗಳ ಸಾಮರ್ಥ್ಯ. ಹಿಂದಿನ ಸಾಲು ಇಲ್ಲದ ಅಂಗಳದಲ್ಲಿ ದುರ್ಬಲನಿಗೆ ಬದುಕಲು ಎರಡೇ ದಾರಿ, ಒಂದು ಬೇರೆಯವರು ಅಡ್ಡ ನಿಲ್ಲುವುದು, ಇನ್ನೊಂದು ಅವನ ಕೈಯಲ್ಲೇ ಒಂದು ಉಪಾಯ ಇರುವುದು. ‘ರೆನೈಸಾನ್ಸ್’ ಮೊದಲನೆಯದನ್ನಷ್ಟೇ ನೆಚ್ಚಿತ್ತು. ಪರಿಷ್ಕೃತ ಆವೃತ್ತಿ ಎರಡನೆಯದಕ್ಕೂ ಜಾಗ ಮಾಡಿತು. ಹಾಗಾಗಿ ಇಲ್ಲಿ ಯುದ್ಧಕ್ಕೆ ಮುಂಚೆ ಓದಬೇಕಾದದ್ದು ಜೀವ, ಏಟಿನ ಅಂಕಿ ಮಾತ್ರ ಅಲ್ಲ. ಪ್ರತಿಯೊಬ್ಬನ ಸಾಮರ್ಥ್ಯದ ಚಿಹ್ನೆಯ ಮೇಲೆ ಮೌಸ್ ಇಟ್ಟು ಏನೆಂದು ಓದಿ, ಮುಖ್ಯವಾಗಿ ತಂಡಕ್ಕೆ ಹೊಸಬರು ಸೇರಿದಾಗ, ಹಂತ ಏರಿದಾಗ. ಹಳೆಯ ರೂಢಿಯಲ್ಲಿ ಬರೀ ಹೊಡೆಯುತ್ತ ಹೋದವರು ಮೂರನೇ ನಾಲ್ಕನೇ ಮಿಷನ್‌ನಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ, ಆಟ ಅನ್ಯಾಯ ಮಾಡುತ್ತಿದೆ ಎಂದುಕೊಳ್ಳುತ್ತಾರೆ.

ನಾಯಕನ ವರ್ಗವನ್ನು ತಂಡದ ಕೊರತೆ ನೋಡಿ ಆರಿಸಬೇಕು. ಸಾಮ್ರಾಜ್ಯದಲ್ಲಿ ಮುಂದೆ ನಿಂತು ಪೆಟ್ಟು ತಿನ್ನುವ ನಾಯಕ ಇದ್ದರೆ ಹಿಂದಿನ ಗುಣಪಡಿಸುವವರಿಗೆ ಕೆಲಸ ಸಿಗುತ್ತದೆ. ಅದೇ ಗುಣಪಡಿಸುವವರಿಲ್ಲದ ಪಕ್ಷದಲ್ಲಿ ನಾಯಕನೇ ಮುಂದೆ ನಿಂತರೆ ಪ್ರತಿ ಯುದ್ಧದ ನಂತರ ಮಲಗಬೇಕಾಗುತ್ತದೆ. ನಾಯಕನನ್ನು ಸಾಯಲು ಬಿಡಬಾರದು ಎಂಬುದು ಎಲ್ಲ ಭಾಗಗಳಲ್ಲೂ ನೆನಪಿರಬೇಕಾದ ಮಾತು. ತಂಡದಲ್ಲಿ ಎಷ್ಟು ಜನ ಇರಬಹುದೆಂದು ತೀರ್ಮಾನಿಸುವ ಲೀಡರ್‌ಶಿಪ್ ಹೆಚ್ಚಿಸುವ ಅವಕಾಶ ಸಿಕ್ಕಾಗ ಬೇರೇನನ್ನೂ ನೋಡದೆ ಅದನ್ನೇ ಹಿಡಿಯುವುದು ಹೆಚ್ಚಿನ ಸಂದರ್ಭದಲ್ಲಿ ಸರಿ. ನಾಯಕನ ಏಟಿಗೆ ಒಂದಿಷ್ಟು ಬಲ ಸೇರುವುದಕ್ಕಿಂತ ತಂಡಕ್ಕೆ ಇನ್ನೊಬ್ಬ ಸೇರುವುದು ದೊಡ್ಡದು.

ತಿದ್ದದೇ ಉಳಿದದ್ದು ವೇಗ. ಯುದ್ಧಗಳು ಈಗಲೂ ಉದ್ದ. ಸಣ್ಣ ಪುಟ್ಟ ಗುಂಪುಗಳಿಗೆ ಸ್ವಯಂಚಾಲಿತ ಯುದ್ಧ ಬಳಸಬಹುದು, ಆದರೆ ಮೊದಲು ಸೇವ್ ಮಾಡಿ. ನೀವೇ ಆಡಿದ್ದರೆ ಯಾರೂ ಸಾಯುತ್ತಿರಲಿಲ್ಲ ಎನ್ನುವ ಯುದ್ಧದಲ್ಲಿ ಯಂತ್ರ ಸನ್ಯಾಸಿನಿಯನ್ನು ಮುಂದೆ ಕಳಿಸಿ ಕೊಲ್ಲಿಸಬಹುದು. ಆಮೇಲೆ ಬಂದ ‘ಲಿಬರೇಶನ್’ 2021ರಲ್ಲಿ ಷಟ್ಕೋನದ ಅಂಗಳವನ್ನೇ ಇಟ್ಟುಕೊಂಡು, ಅಂಗಳಕ್ಕೆ ಇಳಿಯದೆ ಹಿಂದೆ ನಿಂತು ನೆರವಾಗುವ ಪ್ರತ್ಯೇಕ ಹಿಂದಿನ ಸಾಲನ್ನು ಮತ್ತೆ ತಂದಿತು. ಆ ಕಂಬ ಎಷ್ಟು ಬೇಕಾದದ್ದು ಎಂಬುದು ಇದರಿಂದಲೇ ಗೊತ್ತಾಗುತ್ತದೆ.

ಎಲ್ಲಿಂದ ಶುರು ಮಾಡುವುದು

ಮೈಸೂರಿನ ಸರಸ್ವತಿಪುರಂನ ಬಾಡಿಗೆ ರೂಮುಗಳಲ್ಲಿ, ಮಂಡ್ಯದ ಕಾಲೇಜು ಹಾಸ್ಟೆಲ್‌ಗಳಲ್ಲಿ ಇರುವ ಲ್ಯಾಪ್‌ಟಾಪ್‌ಗಳಲ್ಲಿ ಬೇರೆ ಗ್ರಾಫಿಕ್ಸ್ ಕಾರ್ಡ್ ಇರುವುದು ಅಪರೂಪ. ಅಂಥವರಿಗೆ ಎರಡನೇ ಭಾಗ ಹೇಳಿಮಾಡಿಸಿದಂತಿದೆ. ಎಂಥ ಹಳೆಯ ಯಂತ್ರದಲ್ಲೂ ಓಡುತ್ತದೆ, ಸ್ಟೀಮ್ ಮತ್ತು ಜಿಒಜಿ ಎರಡೂ ಆನ್‌ಲೈನ್ ಅಂಗಡಿಗಳಲ್ಲಿ ಸಿಗುತ್ತದೆ. ಹೊಸ ವಿಂಡೋಸ್‌ನಲ್ಲಿ ಮೌಸ್ ಎಳೆದಾಡುವುದು, ಮೆನು ತೆವಳುವುದು, ಪರದೆ ಕಪ್ಪಾಗುವುದು ಕಂಡರೆ ಲ್ಯಾಪ್‌ಟಾಪ್‌ನ ದೋಷ ಎಂದುಕೊಳ್ಳಬೇಡಿ. ಪರದೆಯ ಮೇಲೆ ಚಿತ್ರ ಮೂಡಿಸಲು ಆಟ ಬಳಸುವ ಹಳೆಯ ಡೈರೆಕ್ಟ್‌ಡ್ರಾ ಪದ್ಧತಿಗೆ ಹೊಸ ವಿಂಡೋಸ್ ಸರಿಯಾಗಿ ಹೊಂದುವುದಿಲ್ಲ. ಡಿಜಿವೂಡೂ ಅಥವಾ ಸಿಎನ್‌ಸಿ-ಡಿಡ್ರಾ ಎಂಬ ಉಚಿತ ಹೊದಿಕೆಯ ಕಡತವನ್ನು ಆಟದ ಫೋಲ್ಡರ್‌ಗೆ ಹಾಕಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಹಾಕುವ ಮೊದಲು ಮೂಲ ಫೋಲ್ಡರ್‌ನ ನಕಲು ಇಟ್ಟುಕೊಳ್ಳಿ. ‘ರೀಇನ್‌ಕಾರ್ನೇಶನ್’ ಪೂರ್ತಿ ತ್ರೀಡಿ ಆದ್ದರಿಂದ ಸಾದಾ ಲ್ಯಾಪ್‌ಟಾಪ್‌ನಲ್ಲಿ ನೆರಳಿನ ಗುಣಮಟ್ಟವನ್ನು ಮೊದಲು ಇಳಿಸಿ, ಆಮೇಲೆ ಪರದೆಯ ಅಳತೆ ಇಳಿಸಿ.

ಎರಡನೇ ಭಾಗದ ಇನ್ನೊಂದು ಲಾಭ ಹಾಟ್‌ಸೀಟ್. ಒಂದೇ ಲ್ಯಾಪ್‌ಟಾಪ್‌ನಲ್ಲಿ ನಾಲ್ವರ ತನಕ ಸರದಿಯಂತೆ ಕೂತು ಆಡಬಹುದು. ಇಂಟರ್ನೆಟ್ ಬೇಡ. ಮುಮ್ಮಡಿ ಕೃಷ್ಣರಾಜ ಒಡೆಯರು ಹಲಗೆ ಆಟಗಳಿಗಾಗಿ ಶ್ರೀತತ್ತ್ವನಿಧಿಯಲ್ಲಿ ಕೌತುಕನಿಧಿ ಎಂಬ ಒಂದು ಭಾಗವನ್ನೇ ಇಟ್ಟ ಊರು ಮೈಸೂರು. ಸರದಿಗೆ ಕಾಯುತ್ತ ಎದುರಿನವನ ಮುಖ ನೋಡಿ ಆಡುವ ಸುಖ ಇಲ್ಲಿನವರಿಗೆ ಹೊಸದಲ್ಲ. ಹಾಟ್‌ಸೀಟ್‌ನಲ್ಲಿ ಒಂದು ಶಿಸ್ತು ಬೇಕು: ಬೇರೆಯವರ ಸರದಿಯಲ್ಲಿ ಪರದೆ ನೋಡಬಾರದು, ರಾಡ್ ನೆಡುವವನು ಎಲ್ಲಿದ್ದಾನೆ ಎಂದು ತಿಳಿದರೆ ಆಟವೇ ಮುಗಿಯಿತು.

ಮೊದಲ ಸಲಕ್ಕೆ ಎಂಪೈರ್, ಯೋಧ ಪ್ರಭು, ಸುಲಭದ ಮಟ್ಟ. ಮೊದಲ ಟರ್ನ್‌ನಲ್ಲೇ ಮುಂದಿನ ಸಾಲಿಗೆ ಎರಡನೇ ಸ್ಕ್ವೈರ್ ಕೊಳ್ಳಿ, ಹಿಂದೆ ಒಬ್ಬ ಸನ್ಯಾಸಿನಿ ಖಂಡಿತ ಇರಲಿ. ರಾಜಧಾನಿಯ ಸುತ್ತಲ ದುರ್ಬಲ ಗುಂಪುಗಳನ್ನು ಮುಗಿಸುವ ತನಕ ದೂರ ಹೋಗಬೇಡಿ. ಮೊದಲು ಕತ್ತಿಯವರ ಎರಡನೇ ಹಂತದ ಕಟ್ಟಡ, ಆಮೇಲೆ ಗುಣಪಡಿಸುವವರದ್ದು, ನಂತರ ಮಂತ್ರಗೋಪುರ. ಮಂತ್ರವಾದಿಯನ್ನು ನಾಲ್ಕನೆಯವನಾಗಿ ಸೇರಿಸಿ, ಅವನನ್ನು ಕಾಯಲು ಮುಂದೆ ಇಬ್ಬರಾದರೂ ಬಲಿತಿರಬೇಕು. ಕರೆಂಟ್ ಹೋಗುವ ಊರುಗಳಲ್ಲಿ ಪ್ರತಿ ದೊಡ್ಡ ಯುದ್ಧಕ್ಕೆ ಮೊದಲು ಬೇರೆ ಬೇರೆ ಹೆಸರಿನಲ್ಲಿ ಸೇವ್ ಮಾಡಿ, ಒಂದೇ ಸೇವ್‌ನ ಮೇಲೆ ಮತ್ತೆ ಮತ್ತೆ ಬರೆಯಬೇಡಿ. ಬರೆಯುವ ಹೊತ್ತಿಗೆ ಯಂತ್ರ ನಿಂತರೆ ಆ ಕಡತ ಕೆಡಬಹುದು, ಆಗ ಹಿಂದಿನ ಸೇವ್ ಒಂದೇ ಆಸರೆ.

ಎರಡನೇ ಭಾಗದ ಒಂದು ಕ್ಯಾಂಪೇನ್ ಮುಗಿಸಿ ‘ರೀಇನ್‌ಕಾರ್ನೇಶನ್’ಗೆ ಬಂದವರು, ಅಲ್ಲೂ ಎಂಪೈರ್‌ನಿಂದಲೇ ಶುರು ಮಾಡಿದರೆ, ಏನು ಬದಲಾಗಿದೆ ಎಂದು ಮೊದಲ ಯುದ್ಧದಲ್ಲೇ ಕೈಗೆ ತಿಳಿಯುತ್ತದೆ. ‘ರೆನೈಸಾನ್ಸ್’ ಅನ್ನು ಬೇರೆಯಾಗಿ ಕೊಳ್ಳುವ ಅಗತ್ಯ ಇಲ್ಲ, ಅದರ ಕಥೆಯೆಲ್ಲ ಇದರೊಳಗೇ ಇದೆ.